ಮನೆಯಂಗಳದಲ್ಲಿ ಹಾಡು: ಜಾನಪದ ಬೈಠಕ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ನಾಡಿನ ಜಾನಪದ ಹಾಡುಗಾರರನ್ನು ಮನೆಗೆ ಕರೆಸಿ, ಇಪ್ಪತ್ತು ಮೂವತ್ತು ಜನ ಸುತ್ತ ಕೂತು ಕೇಳುವ ಬೈಠಕ್‌ಗಳಿಗೆ ಹೊಸದಾಗಿ ಬರುವವರು ಕೇಳುವ ಪ್ರಶ್ನೆಗಳು ಇವು. ತಮ್ಮ ಮನೆಯಲ್ಲೂ ಒಂದು ನಡೆಸಬೇಕು ಅನ್ನುವವರ ಪ್ರಶ್ನೆಗಳೂ ಸೇರಿವೆ. ಉತ್ತರಗಳಲ್ಲಿ ನಮ್ಮ ಅಭಿಪ್ರಾಯ ಧಾರಾಳವಾಗಿ ಬೆರೆತಿದೆ. ಒಪ್ಪದವರು ಹಾಡು ಮುಗಿದ ಮೇಲೆ ಜಗಳಕ್ಕೆ ಬರಬಹುದು.

ಬೈಠಕ್ ಅಂದರೆ ಅಲ್ಲಿ ಏನು ನಡೆಯುತ್ತದೆ?

ಯಾರದೋ ಮನೆಯ ಹಾಲ್, ಪಡಸಾಲೆ, ಅಂಗಳ ಇಲ್ಲವೇ ಟೆರೇಸ್. ಹಾಡುವವರು ಒಬ್ಬರಿರಬಹುದು, ನಾಲ್ವರಿರಬಹುದು. ಎದುರಿಗೆ ಜಮಖಾನದ ಮೇಲೆ ಕೂತ ಜನ. ವೇದಿಕೆ ಇಲ್ಲ, ನಿರೂಪಕರಿಲ್ಲ, ಸ್ವಾಗತ ಭಾಷಣವೂ ಇಲ್ಲ. ಹಾಡು, ನಡುವೆ ಒಂದಿಷ್ಟು ಮಾತು, ಮತ್ತೆ ಹಾಡು.

ಇದನ್ನು ಹೊಸ ಪ್ರಯೋಗ ಅಂತ ಕೆಲವರು ಹೊಗಳುತ್ತಾರೆ. ಹೊಗಳಿಕೆ ಬೇಡ ಅನ್ನುವುದಿಲ್ಲ, ಆದರೆ ಹೊಸದೇನೂ ಅಲ್ಲ. ತಂಬೂರಿ ಕಥೆ ನಡೆಯುತ್ತಿದ್ದದ್ದೇ ಹರಕೆ ಹೊತ್ತವರ ಮನೆಯ ಮುಂದೆ. ಸೋಬಾನೆ ಹುಟ್ಟಿದ್ದು ಮದುವೆ ಮನೆಯೊಳಗೆ, ಬೀಸುವ ಪದ ಬೀಸುವ ಕಲ್ಲಿನ ಎದುರು. ವೇದಿಕೆ, ಬಣ್ಣದ ಲೈಟು, 'ಹತ್ತು ನಿಮಿಷದಲ್ಲಿ ಮುಗಿಸಿ' ಎಂಬ ಚೀಟಿ, ಇವೆಲ್ಲ ಆಮೇಲೆ ಬಂದವು. ಉತ್ಸವದಲ್ಲಿ ಎರಡು ಪದ ಹಾಡಿ ಇಳಿದುಹೋಗುವ ಕಲಾವಿದರನ್ನು ಮಾರುದೂರದಲ್ಲಿ ಕೂತು ಎರಡು ಗಂಟೆ ಕೇಳಿ ನೋಡಿ. ಇವರೇನಾ ಅವರು ಅನಿಸುತ್ತದೆ.

ನನಗೆ ಜಾನಪದದ ಗಂಧಗಾಳಿ ಇಲ್ಲ. ಬರಬಹುದೇ?

ಬನ್ನಿ. ರಾಗ ಗುರುತಿಸಬೇಕಿಲ್ಲ, ತಾಳ ಎಣಿಸಬೇಕಿಲ್ಲ. ಕಥೆ ಕೇಳುವ ತಾಳ್ಮೆ ಇದ್ದರೆ ಸಾಕು.

ಮನೆಯೊಳಗೆ ಕೇಳಲು ಯಾವ ಹಾಡು ಒಗ್ಗುತ್ತವೆ?

ಎಲ್ಲವೂ ಒಗ್ಗುವುದಿಲ್ಲ. ಜಾನಪದ ಅಂದರೆ ಒಂದೇ ಬಗೆಯ ಸಂಗೀತ ಅಂದುಕೊಂಡವರಿಗೆ ಇಲ್ಲೇ ಮೊದಲ ಗೊಂದಲ.

ಮೊದಲ ಸಲ ಕರೆಸುವವರಿಗೆ ನಮ್ಮ ಸಲಹೆ ತತ್ವಪದ. ಉತ್ತರ ಕರ್ನಾಟಕದಲ್ಲಿ ಇದನ್ನು ಭಜನೆ ಪದ ಅಂತಲೂ ಕರೆಯುತ್ತಾರೆ. ಒಂದು ಏಕತಾರಿ, ಒಂದು ದಮ್ಮಡಿ, ಜೊತೆಗೆ ತಾಳ ಇದ್ದರೆ ಮೇಳ ಸಿದ್ಧ. ಶಿಶುನಾಳ ಶರೀಫರು (1819–1889), ಕಲಬುರಗಿ ಸೀಮೆಯ ಕಡಕೋಳ ಮಡಿವಾಳಪ್ಪ, ಕೈವಾರದ ತಾತಯ್ಯ, ಇಂಥವರ ಪದಗಳು ಪುಸ್ತಕಕ್ಕೆ ಬರುವ ಮೊದಲೇ ಊರೂರಿನ ಭಜನೆ ಮಂಡಳಿಗಳ ನಾಲಿಗೆಯ ಮೇಲಿದ್ದವು. ಪದ ಚಿಕ್ಕದು, ಪಲ್ಲವಿ ಬೇಗ ಹತ್ತುತ್ತದೆ, ಅರ್ಥ ಮಾತ್ರ ಬೇಗ ಬಿಟ್ಟುಕೊಡುವುದಿಲ್ಲ. ಮೇಲ್ನೋಟಕ್ಕೆ ಮನೆ, ಕೋಳಿ, ಬಿತ್ತನೆಯ ಮಾತು. ಒಳಗೆ ದೇಹ, ಉಸಿರು, ಸಾವು. ಸಿ. ಅಶ್ವತ್ಥ್ ಅವರ ಧ್ವನಿಯಲ್ಲಿ ಮಾತ್ರ ಶರೀಫರನ್ನು ಕೇಳಿ ಬೆಳೆದವರು ಭಜನೆ ಮಂಡಳಿಯ ಧಾಟಿ ಕೇಳಿದಾಗ ಮೊದಲು ತಬ್ಬಿಬ್ಬಾಗುತ್ತಾರೆ. ಇಲ್ಲಿ ವಾದ್ಯಗೋಷ್ಠಿ ಇಲ್ಲ, ಧಾಟಿ ಒರಟು, ವೇಗ ಬೇರೆ. ಎರಡನ್ನೂ ತೂಗಿ ನೋಡುವ ಅಗತ್ಯವಿಲ್ಲ. ಅದು ಅದೇ, ಇದು ಇದೇ.

ಮೈಸೂರು, ಮಂಡ್ಯ, ಚಾಮರಾಜನಗರದ ಕಡೆಯ ತಂಬೂರಿ ಕಥೆ ಮತ್ತು ಕಂಸಾಳೆಯವರ ಕಥೆ ಇನ್ನೊಂದು ಲೋಕ. ಅದಕ್ಕೆ ಬೇರೆಯೇ ಪ್ರಶ್ನೆ ಕೆಳಗಿದೆ.

ಗೀಗೀ ಪದ ಮನೆಗೆ ಸ್ವಲ್ಪ ಜೋರು. ದಪ್ಪು, ತುಂತುಣಿ, ತಾಳ, ಜೊತೆಗೆ ಹಿಮ್ಮೇಳದ 'ಗೀ ಗೀ'. ಆದರೆ ಹರದೇಶಿ–ನಾಗೇಶಿ ಎರಡೂ ಮೇಳ ಸಿಕ್ಕಿದರೆ ಬಿಡಬೇಡಿ, ಅಂಗಳಕ್ಕೆ ಕರೆಸಿ. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಪದದಲ್ಲೇ ಸವಾಲು, ಪದದಲ್ಲೇ ಜವಾಬು. ಕೇಳುವವರು ಅರ್ಧ ಗಂಟೆಯಲ್ಲಿ ಎರಡು ಪಕ್ಷವಾಗದಿದ್ದರೆ ಹೇಳಿ.

ಚೌಡಿಕೆ ಪದ ಸವದತ್ತಿ ಎಲ್ಲಮ್ಮನ ಭಕ್ತರದು. ಚೌಡಿಕೆಯನ್ನು ಬಗಲಲ್ಲಿ ಇಟ್ಟುಕೊಂಡು ತಂತಿ ಮೀಟುತ್ತಾರೆ. ತಂತಿಯ ತುದಿ ಚರ್ಮಕ್ಕೆ ಬಿಗಿದಿರುವುದರಿಂದ ನಾದ ಸುಮ್ಮನೆ ಝೇಂಕರಿಸದೆ ಮಾತಾಡಿದ ಹಾಗೆ ಏರಿಳಿಯುತ್ತದೆ. ದೊಡ್ಡ ಸ್ಪೀಕರಿನಲ್ಲಿ ಈ ಏರಿಳಿತ ಬರೀ ಗದ್ದಲವಾಗುತ್ತದೆ, ಚಿಕ್ಕ ಕೋಣೆಯಲ್ಲಿ ಒಂದೊಂದು ಮೀಟೂ ಬಿಡಿಬಿಡಿಯಾಗಿ ಕಿವಿಗೆ ಬೀಳುತ್ತದೆ.

ಇನ್ನು ಹೆಂಗಸರ ಹಾಡು. ಬೀಸುವ, ಕುಟ್ಟುವ, ಸೋಬಾನೆ ಪದಗಳಿಗೆ ವಾದ್ಯವೇ ಬೇಕಿಲ್ಲ. ಒಬ್ಬಾಕೆ ಸೊಲ್ಲೆತ್ತಿದರೆ ಉಳಿದವರು ಹಿಡಿಯುತ್ತಾರೆ. ಉತ್ತರ ಕನ್ನಡದ ಹಾಲಕ್ಕಿ ಹೆಂಗಸರ ಹಾಡುಗಳನ್ನು ನಾಡಿಗೆಲ್ಲ ಪರಿಚಯಿಸಿದ ಅಂಕೋಲೆಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು, 2025ರಲ್ಲಿ ಅವರು ತೀರಿಕೊಂಡರು. ಈ ಬಗೆಯ ಹಾಡನ್ನು ಸಭಾಂಗಣದಲ್ಲಿ ಕೇಳಿ ಬೇಸರಪಟ್ಟವರಿದ್ದಾರೆ. ಒಂದೇ ಮಟ್ಟು, ಮತ್ತೆ ಮತ್ತೆ ಅದೇ. ಆದರೆ ಆ ಮಟ್ಟು ಕೇಳುಗರಿಗಾಗಿ ಹುಟ್ಟಿದ್ದಲ್ಲ, ಬೀಸುವ ಕಲ್ಲಿನ ಸುತ್ತಿಗೆ ಹೊಂದಿಕೊಂಡು ಬಂದದ್ದು. ಹತ್ತಿರ ಕೂತಾಗ ಕಿವಿ ಮಟ್ಟನ್ನು ಮರೆತು ಮಾತಿಗೆ ಹೋಗುತ್ತದೆ. ತ್ರಿಪದಿಯ ಮೂರು ಸಾಲಿನಲ್ಲಿ ಒಂದು ತವರು, ಒಬ್ಬ ಅಣ್ಣ, ಒಂದು ಮುನಿಸು ಪೂರ್ತಿಯಾಗಿ ಬಂದು ಹೋಗುತ್ತವೆ.

ಡೊಳ್ಳು, ತಮಟೆ, ನಗಾರಿ?

ಬಯಲಿಗೆ. ಡೊಳ್ಳಿನ ಮೇಳವನ್ನು ಹಾಲ್‌ಗೆ ಕರೆಸಿದರೆ ಕಿವಿಗೂ ಕಷ್ಟ, ಡೊಳ್ಳಿಗೂ ಅವಮಾನ. ಬೀಸು ಕಂಸಾಳೆಯೂ ಅಷ್ಟೆ. ಸುತ್ತಿ ಬೀಸಲು ಜಾಗವಿಲ್ಲದಿದ್ದರೆ ಯಾರದಾದರೂ ಹಣೆಗೆ ಬೀಳುತ್ತದೆ.

ತಂಬೂರಿ ಕಥೆ ರಾತ್ರಿಯಿಡೀ ನಡೆಯುವಂಥದ್ದಲ್ಲವೇ? ಎರಡು ಗಂಟೆಯಲ್ಲಿ ಏನು ಕೇಳಬಹುದು?

ತಂಬೂರಿ ಕಥೆ ಹಾಡುವ ನೀಲಗಾರರು ಮಂಟೇಸ್ವಾಮಿ ಪರಂಪರೆಯವರು. ಚಿಕ್ಕಲ್ಲೂರು, ಕಪ್ಪಡಿ, ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರ, ಇವು ಅವರ ಮುಖ್ಯ ನೆಲೆಗಳು. ದೇವರಗುಡ್ಡರು ಮಲೆ ಮಾದಪ್ಪನ ಭಕ್ತರು, ಕಂಸಾಳೆ ಅವರದು. ಎಡಗೈಯಲ್ಲಿ ಬಟ್ಟಲಿನಂಥ ತಾಳ, ಬಲಗೈಯಲ್ಲಿ ದಾರಕ್ಕೆ ಕಟ್ಟಿದ ಚಪ್ಪಟೆ ತಾಳ. ಇಬ್ಬರ ಕಾವ್ಯವೂ ಒಂದು ರಾತ್ರಿಗೆ ಮುಗಿಯುವಂಥದ್ದಲ್ಲ. ಅದಕ್ಕೇ ಅದನ್ನು 'ಸಾಲು'ಗಳಾಗಿ ಹಾಡುತ್ತಾರೆ. ಸಂಕಮ್ಮನ ಸಾಲು, ಶ್ರವಣ ದೊರೆ ಸಾಲು, ಜುಂಜೇಗೌಡನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಹೀಗೆ. ಬೈಠಕ್‌ಗೆ ಒಂದು ಸಾಲಿನ ಒಂದು ಭಾಗವನ್ನು ಕೇಳಿಕೊಳ್ಳಿ. 'ಇಡೀ ಕಥೆ ಎರಡು ಗಂಟೆಯಲ್ಲಿ' ಅಂತ ಕೇಳಿದರೆ ಸಾರಾಂಶ ಸಿಗುತ್ತದೆ, ಹಾಡು ಸಿಗುವುದಿಲ್ಲ.

ಸಂಕಮ್ಮನ ಸಾಲನ್ನೇ ತಗೊಳ್ಳಿ. ಸೋಲಿಗರ ನೀಲೇಗೌಡ ಜೇನು ತೆಗೆಯಲು ಕಾಡಿಗೆ ಹೊರಟಿದ್ದಾನೆ. ಹೋಗುವ ಮುನ್ನ ಹೆಂಡತಿ ತನಗೆ ಭಾಷೆ ಕೊಡಬೇಕು ಅನ್ನುತ್ತಾನೆ, ತಾನಿಲ್ಲದಾಗ ಶೀಲ ಕೆಡಿಸಿಕೊಳ್ಳುವುದಿಲ್ಲ ಅಂತ. ಕೊಡಲ್ಲ ಅನ್ನುತ್ತಾಳೆ ಸಂಕಮ್ಮ. ಕಥೆ ಹೇಳಿ ಮುಗಿಸಲು ಇಷ್ಟೇ ಸಾಕು. ಹಾಡಲು ಒಂದು ಗಂಟೆಯೂ ಸಾಲದು. ಅವನು ಕೇಳುತ್ತಾನೆ, ಅವಳು ಒಲ್ಲೆ ಅನ್ನುತ್ತಾಳೆ, ಅವನು ರಮಿಸುತ್ತಾನೆ, ಬೆದರಿಸುತ್ತಾನೆ, ಕಾಡಿಸುತ್ತಾನೆ. ಪ್ರತಿ ಸಲವೂ ಹಿಮ್ಮೇಳ ಸಾಲಿನ ಬಾಲವನ್ನು ಹಿಡಿದು ಎಳೆಯುತ್ತದೆ. ಆ ಎಳೆತದಲ್ಲಿ ಮುಂದಾಳು ಉಸಿರು ತಗೊಳ್ಳುತ್ತಾರೆ, ಮುಂದಿನ ಸಾಲನ್ನು ಕಟ್ಟಿಕೊಳ್ಳುತ್ತಾರೆ, ಕೂತ ಜನರ ಮುಖವನ್ನೂ ನೋಡುತ್ತಾರೆ.

ಆ ನೋಟ ಮುಖ್ಯ. ಅವರು ಬಾಯಿಪಾಠ ಒಪ್ಪಿಸುತ್ತಿಲ್ಲ. ಕಥೆಯ ನಡೆ ಗೊತ್ತು, ದೇವರ ಬಿರುದು, ಕಾಡಿನ ವರ್ಣನೆ, ಅಳುವಿನ ಮಾತು, ಇಂಥ ಕಟ್ಟುಮಾತುಗಳು ನಾಲಿಗೆಯ ಮೇಲಿವೆ. ಎಷ್ಟು ಹಿಗ್ಗಿಸಬೇಕು, ಎಲ್ಲಿ ತಿರುಗಿಸಬೇಕು ಎಂಬುದು ಆ ಹೊತ್ತಿನಲ್ಲೇ ತೀರ್ಮಾನವಾಗುತ್ತದೆ. ಸಂಕಮ್ಮ ಒಲ್ಲೆ ಅಂದಾಗ ಕೂತ ಹೆಂಗಸರಲ್ಲಿ ಒಬ್ಬರು 'ಸರಿಯಾಗಿ ಹೇಳಿದಳು' ಅಂದರೆ ಆ ಜಗಳ ಇನ್ನಷ್ಟು ಬೆಳೆಯುತ್ತದೆ. ಎಲ್ಲರೂ ಮೊಬೈಲ್ ನೋಡುತ್ತಿದ್ದರೆ ನೀಲೇಗೌಡ ಬೇಗ ಕಾಡು ಸೇರುತ್ತಾನೆ. ಹಳ್ಳಿಯಲ್ಲಿ ಕಥೆ ನಡೆಯುವಾಗ ಹೂಂಗುಟ್ಟಲು ಒಬ್ಬರಾದರೂ ಇರಬೇಕು ಅನ್ನುವುದು ಸುಮ್ಮನೆ ಅಲ್ಲ. ಬೈಠಕ್‌ನಲ್ಲಿ ಆ ಕೆಲಸ ನಿಮ್ಮದು.

ಹಾಡಿನ ಭಾಷೆ ಅರ್ಥವಾಗದಿದ್ದರೆ?

ಕನ್ನಡ ಬಲ್ಲವರಿಗೂ ಮೊದಲ ಹತ್ತು ನಿಮಿಷ ಕಷ್ಟವೇ. ಚಾಮರಾಜನಗರದ ಕನ್ನಡ ಧಾರವಾಡದವರಿಗೆ ಹೊಸದು, ಕಲಬುರಗಿಯದ್ದು ಬೆಂಗಳೂರಿನವರಿಗೆ. ಹಾಡುವಾಗ ಪದಗಳು ಮುರಿಯುತ್ತವೆ, ಸ್ವರ ಹಿಗ್ಗುತ್ತದೆ. ಶುರುವಿಗೆ ಕಥೆಯ ಎಳೆಯನ್ನು ಎರಡು ಮಾತಿನಲ್ಲಿ ಹೇಳಲು ಕಲಾವಿದರನ್ನೇ ಕೇಳಿ. ಅವರು ಹೇಳುವ ರೀತಿಯೇ ಒಂದು ಸೊಗಸು. ಅಚ್ಚು ಹಾಕಿಸಿದ ಸಾಹಿತ್ಯದ ಹಾಳೆ ಹಂಚುವುದು ಬೇಡ ಅನ್ನುತ್ತೇವೆ. ಜನ ಹಾಳೆ ಓದುತ್ತಾ ಕೂರುತ್ತಾರೆ, ಅಲ್ಲದೆ ಹಾಳೆಯಲ್ಲಿರುವುದೂ ಅವರು ಹಾಡುವುದೂ ಒಂದೇ ಆಗಿರುವುದಿಲ್ಲ.

ಮೈಕ್ ಬೇಕೇ?

ಬೇಡ. ಮೂವತ್ತು ನಲವತ್ತು ಜನರ ತನಕ ಖಂಡಿತ ಬೇಡ.

ಸ್ವಲ್ಪ ವಿವರಿಸಬೇಕು, ಯಾಕೆಂದರೆ ಈ ವಾದ ಪ್ರತಿ ಸಲ ಬರುತ್ತದೆ. ತೆರೆದ ಜಾಗದಲ್ಲಿ ದೂರ ಎರಡು ಪಟ್ಟಾದಾಗ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಕೋಣೆಯೊಳಗೆ ಗೋಡೆಗಳು ಸದ್ದನ್ನು ವಾಪಸ್ ಕೊಡುವುದರಿಂದ ಅಷ್ಟೂ ಇಳಿಯುವುದಿಲ್ಲ. ಹೊಲದ ಆಚೆಗೆ ಕೇಳುವಂತೆ ಹಾಡಿ ಪಳಗಿದ ಗಂಟಲಿಗೆ ಹಾಲ್ ಒಂದು ಲೆಕ್ಕವೇ ಅಲ್ಲ. ಮೈಕ್ ಬಂದ ಕೂಡಲೇ ಮೂರು ತೊಂದರೆ. ಹಾಡುವವರು ಮೈಕಿನ ಮುಂದೆ ಕಟ್ಟಿಹಾಕಿದಂತೆ ಕೂರಬೇಕು. ಹಿಮ್ಮೇಳಕ್ಕೆ ಬೇರೆ ಮೈಕ್ ಸಿಗದೆ ಅವರ ದನಿ ಅಡಗುತ್ತದೆ. ಗಗ್ಗರದ ಸಣ್ಣ ಸದ್ದು, ತಂತಿಯ ಮೇಲೆ ಬೆರಳು ಉಜ್ಜುವ ಸದ್ದು ಎಲ್ಲ ಮಾಯ.

ಗದ್ದಲ ತಡೆಯಬೇಕಾದ್ದು ಬೇರೆ ಕಡೆ. ಫ್ಯಾನ್ ನಿಧಾನ ಮಾಡಿ. ಫ್ರಿಜ್ ಹಾಲ್‌ನಲ್ಲೇ ಇದ್ದರೆ ಎರಡು ಗಂಟೆ ಆರಿಸಿ. ಖಾಲಿ ಹಾಲ್‌ನಲ್ಲಿ ದನಿ ಪ್ರತಿಧ್ವನಿಸುತ್ತದೆ ಅನಿಸಿದರೆ ಕಿಟಕಿಗೆ ದಪ್ಪ ಪರದೆ, ನೆಲಕ್ಕೆ ಜಮಖಾನ ಹಾಕಿ. ಜನ ಬಂದು ಕೂತ ಮೇಲೆ ಉಳಿದದ್ದು ತಾನಾಗಿ ಸರಿಹೋಗುತ್ತದೆ.

ಕಲಾವಿದರಿಗೆ ವಯಸ್ಸಾಗಿ ಗಂಟಲು ಸೋತಿದ್ದರೆ, ಅವರೇ ಮೈಕ್ ಕೇಳಿದರೆ, ಕೊಡಿ. ನಿಯಮ ಅವರಿಗಿಂತ ದೊಡ್ಡದಲ್ಲ.

ಎಲ್ಲಿ ಕೂರಬೇಕು? ಕುರ್ಚಿ ಇರುತ್ತದೆಯೇ?

ಮಂಡಿ ನೋವಿನವರಿಗೆ, ಹಿರಿಯರಿಗೆ ಗೋಡೆಯ ಪಕ್ಕ ಕುರ್ಚಿ ಇರುತ್ತದೆ. ಉಳಿದವರು ನೆಲ. ಹಾಡುವವರೂ ನೆಲದ ಮೇಲೆ ಕೂತಿದ್ದಾರೆ ಅನ್ನುವುದು ಒಂದು ಕಾರಣ, ಅವರ ಕಣ್ಣಿನ ಮಟ್ಟಕ್ಕೆ ನೀವಿರಬೇಕು ಅನ್ನುವುದು ಇನ್ನೊಂದು. ಮೊದಲ ಸಾಲು ಖಾಲಿ ಬಿಟ್ಟು ಹಿಂದೆ ಒತ್ತಿಕೊಂಡು ಕೂರುವ ಸಂಕೋಚ ನಮ್ಮವರಲ್ಲಿ ಹೆಚ್ಚು. ದಯವಿಟ್ಟು ಮುಂದೆ ಬನ್ನಿ, ಬಲವಂತ ಮಾಡಿಸಿಕೊಳ್ಳಬೇಡಿ. ಆತಿಥೇಯರಾಗಿದ್ದರೆ ಕಲಾವಿದರನ್ನು ಬಾಗಿಲಿಗೆ ಬೆನ್ನು ಹಾಕಿ ಕೂರಿಸಬೇಡಿ. ತಡವಾಗಿ ಬಂದವರೆಲ್ಲ ಅವರನ್ನು ದಾಟಿಕೊಂಡು ಹೋಗಬೇಕಾಗುತ್ತದೆ.

ಚಪ್ಪಾಳೆ ಯಾವಾಗ ತಟ್ಟಬೇಕು? ಜೊತೆಗೆ ಹಾಡಬಹುದೇ?

ಪದ ಮುಗಿದಾಗ ತಟ್ಟಿ. ಕಥೆಯ ನಡುವೆ, ಗದ್ಯದ ಮಾತು ಬಂದ ತಕ್ಷಣ ಹಾಡು ಮುಗಿಯಿತು ಅಂತ ತಟ್ಟುವುದು ಮಾಮೂಲಿ ಎಡವಟ್ಟು. ತಂಬೂರಿ ಇನ್ನೂ ನುಡಿಯುತ್ತಿದ್ದರೆ ಮುಗಿದಿಲ್ಲ ಅಂತಲೇ ಅರ್ಥ.

ಜೊತೆಗೆ ಹಾಡುವುದು ಹಾಡಿನ ಮೇಲೆ ನಿಂತಿದೆ. ತತ್ವಪದದ ಪಲ್ಲವಿಗೆ ದನಿಗೂಡಿಸಿ, ಅದು ಇರುವುದೇ ಅದಕ್ಕೆ. ಸೋಬಾನೆಯಲ್ಲಿ 'ಸೋ' ಅನ್ನಲು ಯಾರ ಅಪ್ಪಣೆಯೂ ಬೇಡ. ಕಥೆಯ ಹಿಮ್ಮೇಳ ಮಾತ್ರ ಪಳಗಿದವರ ಕೆಲಸ, ಎಲ್ಲಿ ಹಿಡಿಯಬೇಕು ಎಲ್ಲಿ ಬಿಡಬೇಕು ಎಂಬ ಲೆಕ್ಕ ಇದೆ. ಅಲ್ಲಿ ಹೂಂಗುಟ್ಟಿದರೆ ಸಾಕು. ಇನ್ನು ಚಪ್ಪಾಳೆಯಲ್ಲಿ ತಾಳ ಹಾಕುವುದು. ಒಬ್ಬರು ಶುರುಮಾಡಿದರೆ ಹತ್ತು ಜನ ಸೇರುತ್ತಾರೆ, ಹತ್ತೂ ಜನ ಸ್ವಲ್ಪ ಸ್ವಲ್ಪ ಓಡುತ್ತಾರೆ, ಹಾಡುವವರು ನಮ್ಮ ಹಿಂದೆ ಓಡಿಬರಬೇಕಾಗುತ್ತದೆ. ಅವರು ಕೈ ಸನ್ನೆ ಮಾಡಿದರೆ ಮಾತ್ರ ತಟ್ಟಿ.

ಇಷ್ಟದ ಹಾಡು ಕೇಳಿಕೊಳ್ಳಬಹುದೇ?

ಅವರ ಪರಂಪರೆಯೊಳಗಿನದ್ದನ್ನು ಕೇಳಿ. ಕಂಸಾಳೆಯವರನ್ನು ಶರೀಫರ ಪದ ಹಾಡಿ ಅನ್ನುವುದು, ಚೌಡಿಕೆಯವರನ್ನು ಸಿನಿಮಾದ ಜಾನಪದ ಗೀತೆ ಹಾಡಿ ಅನ್ನುವುದು ಸರಿಯಲ್ಲ. ಅವರು ಹಾಡಿಬಿಡುತ್ತಾರೆ, ಅದೇ ಕಷ್ಟ. ಆತಿಥೇಯರ ಮಾತು ತೆಗೆದುಹಾಕಬಾರದು ಎಂಬ ದಾಕ್ಷಿಣ್ಯಕ್ಕೆ ಹಾಡುತ್ತಾರೆ, ನೀವು ಕೇಳಬೇಕಾದ್ದು ಅಷ್ಟರಮಟ್ಟಿಗೆ ತಪ್ಪಿಹೋಗುತ್ತದೆ. 'ನಿಮಗೆ ಇಷ್ಟವಾದದ್ದು ಒಂದು ಹಾಡಿ' ಅಂತ ಕೇಳಿ ನೋಡಿ. ಸಾಮಾನ್ಯವಾಗಿ ಆ ರಾತ್ರಿಯ ಒಳ್ಳೆಯ ಹಾಡು ಅದೇ ಆಗಿರುತ್ತದೆ.

ಇವೆಲ್ಲ ದೇವರ ಹಾಡುಗಳಲ್ಲವೇ? ನನಗೆ ಅದರಲ್ಲಿ ನಂಬಿಕೆ ಇಲ್ಲ. ನಾನು ಬೇರೆ ಧರ್ಮದವನು.

ಮುಸ್ಲಿಂ ಮನೆಯಲ್ಲಿ ಹುಟ್ಟಿ ಕಳಸದ ಗುರುಗೋವಿಂದಭಟ್ಟರಿಗೆ ಶಿಷ್ಯರಾದ ಶರೀಫರ ಪದ ಕೇಳಲು ಬರುವವರಿಗೆ ಇದನ್ನು ಯಾರು ಕೇಳುತ್ತಾರೆ? ಮಂಟೇಸ್ವಾಮಿ ಕಾವ್ಯದಲ್ಲಂತೂ ಕಲ್ಯಾಣದ ಶರಣರೇ ಪರೀಕ್ಷೆಗೆ ನಿಲ್ಲಬೇಕಾಗುತ್ತದೆ, ಬಸವಣ್ಣನ ಮನೆ ಬಾಗಿಲಿಗೆ ಮಂಟೇಸ್ವಾಮಿ ತಿಪ್ಪೆಯ ಮೇಲಿನ ಭಿಕಾರಿಯ ವೇಷದಲ್ಲಿ ಬರುತ್ತಾನೆ. ಭಕ್ತರೂ ಅಲ್ಲದವರೂ ಒಟ್ಟಿಗೆ ಕೇಳುವಂಥ ಕಥೆಗಳಿವು. ಆದರೆ ಹಾಡುವವರಿಗೆ ಇದು ಕಲೆಯ ಜೊತೆಗೆ ವ್ರತವೂ ಹೌದು. ಶುರುವಿಗೆ ವಾದ್ಯಕ್ಕೆ ಪೂಜೆ ಮಾಡಬಹುದು, ದೀಪ ಹಚ್ಚಬಹುದು, ಧೂಪ ಹಾಕಬಹುದು. ಆ ಐದು ನಿಮಿಷ ಸುಮ್ಮನೆ ಕೂರಿ. ಕೈ ಮುಗಿಯುವುದು ಬಿಡುವುದು ನಿಮಗೆ ಬಿಟ್ಟದ್ದು.

ಮಕ್ಕಳನ್ನು ಕರೆತರಬಹುದೇ?

ಬರಲಿ. ನಿದ್ದೆ ಬಂದರೆ ಅಲ್ಲೇ ಮಲಗಲಿ, ರಾತ್ರಿ ಕಥೆಗಳನ್ನು ಮಕ್ಕಳು ಕೇಳಿದ್ದೇ ಹಾಗೆ. ಅಳುವ ಕೂಸನ್ನು ಎತ್ತಿಕೊಂಡು ಹೊರಗೆ ಹೋಗಿ ಬರಲು ಬಾಗಿಲ ಹತ್ತಿರ ಜಾಗ ಇಟ್ಟುಕೊಳ್ಳಿ. ವಾದ್ಯ ಮುಟ್ಟಿ ನೋಡಲು ಮಕ್ಕಳಿಗೆ ಆಸೆ ಇರುತ್ತದೆ. ಹಾಡು ಮುಗಿದ ಮೇಲೆ, ಕೇಳಿ, ಮುಟ್ಟಲಿ.

ಮೊಬೈಲಿನಲ್ಲಿ ರೆಕಾರ್ಡ್ ಮಾಡಬಹುದೇ?

ಕೇಳದೆ ಮಾಡಬೇಡಿ. ಶರೀಫರ ಸಾಹಿತ್ಯಕ್ಕೆ ಈಗ ಹಕ್ಕುಸ್ವಾಮ್ಯವಿಲ್ಲ, 1957ರ ಕಾಯ್ದೆಯ ಪ್ರಕಾರ ಕರ್ತೃ ತೀರಿಕೊಂಡು 60 ವರ್ಷಕ್ಕೆ ಅದು ಮುಗಿಯುತ್ತದೆ. ಆದರೆ ಇವತ್ತು ನಿಮ್ಮೆದುರು ಹಾಡುತ್ತಿರುವವರಿಗೆ ತಮ್ಮ ಗಾಯನದ ಮೇಲೆ ಕಲಾವಿದರ ಹಕ್ಕು ಅದೇ ಕಾಯ್ದೆಯಲ್ಲಿ 50 ವರ್ಷದ ಮಟ್ಟಿಗೆ ಇದೆ. ಜಾನಪದ ಯಾರ ಸೊತ್ತೂ ಅಲ್ಲ, ಹಾಗಾಗಿ ಯಾರು ಬೇಕಾದರೂ ಯೂಟ್ಯೂಬಿಗೆ ಹಾಕಿ ದುಡ್ಡು ಮಾಡಬಹುದು ಅನ್ನುವ ವಾದ ಕಾನೂನಿಗೂ ನಿಲ್ಲುವುದಿಲ್ಲ, ಮರ್ಯಾದೆಗೂ ನಿಲ್ಲುವುದಿಲ್ಲ.

ನಮ್ಮ ರೂಢಿ ಹೀಗೆ: ಒಂದು ಪದವನ್ನು, ಕಲಾವಿದರು ತೋರಿಸಿದ್ದನ್ನು, ಒಬ್ಬರು ಮಾತ್ರ ರೆಕಾರ್ಡ್ ಮಾಡುತ್ತಾರೆ. ಅದರ ಪ್ರತಿ ಮೊದಲು ಕಲಾವಿದರ ಫೋನಿಗೆ ಹೋಗುತ್ತದೆ. ಉಳಿದ ಹೊತ್ತು ಮೊಬೈಲ್ ಚೀಲದೊಳಗೆ. ಕತ್ತಲ ಅಂಗಳದಲ್ಲಿ ಹೊಳೆಯುವ ಒಂದು ಪರದೆ ಸಾಕು, ಹಾಡುವವರ ಕಣ್ಣು ಅಲ್ಲಿಗೇ ಹೋಗುತ್ತದೆ.

ಕಲಾವಿದರಿಗೆ ಎಷ್ಟು ಕೊಡಬೇಕು? ಜಾನಪದಕ್ಕೂ ಟಿಕೆಟ್ಟೇ ಅನ್ನುತ್ತಾರಲ್ಲ?

ಈ ಪ್ರಶ್ನೆ ಬಂದಾಗ ನಮಗೆ ಸ್ವಲ್ಪ ಸಿಟ್ಟು ಬರುತ್ತದೆ, ಮನ್ನಿಸಿ. ಶಾಸ್ತ್ರೀಯ ಸಂಗೀತದ ಕಛೇರಿಗೆ ಸಂಭಾವನೆ ಕೇಳಿದಾಗ ಯಾರೂ ಹುಬ್ಬೇರಿಸುವುದಿಲ್ಲ. ತಂಬೂರಿಯವರು ಕೇಳಿದರೆ 'ಅವರೂ ದುಡ್ಡಿಗೆ ಬಿದ್ದರು' ಅನ್ನುವ ಮಾತು ಬರುತ್ತದೆ. ಹಿಂದೆ ಅವರಿಗೆ ಹಳ್ಳಿ ರಾಗಿ ಕೊಡುತ್ತಿತ್ತು, ಭತ್ತ ಕೊಡುತ್ತಿತ್ತು, ಸುಗ್ಗಿಯಲ್ಲಿ ಪಾಲು ಕೊಡುತ್ತಿತ್ತು. ಈಗ ಆ ಕಣಜವೂ ಇಲ್ಲ, ಪಾಲೂ ಇಲ್ಲ. ನಿಮ್ಮ ಮನೆಗೆ ಬರುವ ದಿನದ ಕೂಲಿ ಮಾತ್ರ ಖಂಡಿತ ತಪ್ಪುತ್ತದೆ.

ಲೆಕ್ಕ ಹಾಕುವುದು ಹೇಗೆ? ಮೇಳದಲ್ಲಿ ಎಷ್ಟು ಜನ ಅಂತ ಮೊದಲು ಕೇಳಿ. ಒಟ್ಟು ಮೊತ್ತ ಮಾತಾಡಬೇಡಿ, ತಲೆಗೆ ಇಷ್ಟು ಅಂತ ಮಾತಾಡಿ. ಇಲ್ಲದಿದ್ದರೆ ಹಿಮ್ಮೇಳದವರ ಪಾಲು ಸವೆಯುತ್ತದೆ. ಹೋಗಿ ಬರುವ ದಿನವನ್ನೂ ಕೆಲಸದ ದಿನ ಅಂತಲೇ ಎಣಿಸಿ. ಪ್ರಯಾಣದ ಖರ್ಚು ಬೇರೆ, ಉಳಿಯುವ ವ್ಯವಸ್ಥೆ ಬೇರೆ, ಇವನ್ನು ಸಂಭಾವನೆಯೊಳಗೆ ಸೇರಿಸಬಾರದು. ಬಸ್ಸಿನಲ್ಲಿ ಚೌಡಿಕೆ, ತಂಬೂರಿ ಹಿಡಿದು ನಿಂತುಕೊಂಡು ಬರಬೇಕಾಗದಂತೆ ನೋಡಿಕೊಳ್ಳಿ. ಅರ್ಧ ಮುಂಗಡ ಕೊಡಿ, ಉಳಿದದ್ದನ್ನು ಅವರು ಊಟಕ್ಕೆ ಕೂರುವ ಮೊದಲೇ ಕೈಗೆ ಮುಟ್ಟಿಸಿ. 'ನಾಳೆ ಅಕೌಂಟಿಗೆ ಹಾಕುತ್ತೇವೆ' ಅನ್ನುವ ಮಾತನ್ನು ಅವರು ಬೇಕಾದಷ್ಟು ಕೇಳಿದ್ದಾರೆ.

ಬಂದವರಿಂದ ದುಡ್ಡು ಸೇರಿಸುವುದಾದರೆ ಮೊದಲೇ ಇಷ್ಟು ಅಂತ ಹೇಳಿ. ಕೊನೆಯಲ್ಲಿ ತಟ್ಟೆ ಹಿಡಿದು ಸುತ್ತುವುದು ಬೇಡ. ಗೊತ್ತಿಲ್ಲದವರ ಕಣ್ಣಿಗೆ ಅದು ಕಲಾವಿದರೇ ಭಿಕ್ಷೆ ಎತ್ತಿದಂತೆ ಕಾಣುತ್ತದೆ. ಭಿಕ್ಷೆ ನೀಲಗಾರರ, ದೇವರಗುಡ್ಡರ ವ್ರತದ ಭಾಗ, ಅದಕ್ಕೆ ಅದರದೇ ಘನತೆ ಇದೆ. ಅದನ್ನೂ ಇದನ್ನೂ ಬೆರೆಸಬಾರದು.

ಕಲಾವಿದರು ಸಿಗುವುದು ಎಲ್ಲಿ?

ರಾಮನಗರದ ಹತ್ತಿರ, ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಜಾನಪದ ಲೋಕ ಇದೆ. ಎಚ್.ಎಲ್. ನಾಗೇಗೌಡರು ಕಟ್ಟಿದ ಕರ್ನಾಟಕ ಜಾನಪದ ಪರಿಷತ್ತಿನದು, 1994ರಿಂದ ನಡೆಯುತ್ತಿದೆ. ವಾದ್ಯಗಳನ್ನು ಮೊದಲು ಕಣ್ಣಲ್ಲಿ ನೋಡಬೇಕು ಅನ್ನುವವರಿಗೂ ಅದೇ ಸರಿಯಾದ ಜಾಗ. ಬೆಂಗಳೂರಿನ ಕರ್ನಾಟಕ ಜಾನಪದ ಅಕಾಡೆಮಿಯಲ್ಲಿ ವಿಚಾರಿಸಬಹುದು. ಜೋಗತಿ ಕಲಾವಿದೆ ಮಂಜಮ್ಮ ಜೋಗತಿ ಅಧ್ಯಕ್ಷರಾಗಿದ್ದ ಅಕಾಡೆಮಿ ಅದು. ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವೂ ಇದೆ.

ಇವೆಲ್ಲಕ್ಕಿಂತ ಒಳ್ಳೆಯ ದಾರಿ ಜಾತ್ರೆಗೆ ಹೋಗುವುದು. ಪುಷ್ಯ ಮಾಸದ ಚಿಕ್ಕಲ್ಲೂರು ಜಾತ್ರೆಯಲ್ಲಿ ಒಂದು ರಾತ್ರಿ ಕಳೆಯಿರಿ, ಯಾರ ಹಾಡು ನಿಮ್ಮನ್ನು ಹಿಡಿದು ಕೂರಿಸಿತೋ ಅವರನ್ನೇ ಕರೆಯಿರಿ. ಪ್ರಶಸ್ತಿ ಬಂದವರ ಹಿಂದೆಯೇ ಎಲ್ಲರೂ ಓಡಬೇಕಿಲ್ಲ.

ಊಟದ ವ್ಯವಸ್ಥೆ ಹೇಗೆ?

ಹಾಡುವವರು ಮುಂಚೆ ಹೊಟ್ಟೆ ತುಂಬ ಉಣ್ಣುವುದಿಲ್ಲ. ಕಾಫಿ, ಚಹಾ, ಬಿಸಿನೀರು, ಎಲೆ ಅಡಿಕೆ ಇರಲಿ. ಮುಗಿದ ಮೇಲೆ ಎಲ್ಲರ ಜೊತೆಗೇ, ಅದೇ ಪಂಕ್ತಿಯಲ್ಲಿ ಊಟ. ಈ ಮಾತನ್ನು ಬೇಕಂತಲೇ ಒತ್ತಿ ಹೇಳುತ್ತಿದ್ದೇವೆ. ಹಾಡು ಕೇಳುವಾಗ ಹಾಲ್‌ನಲ್ಲಿ ಕೂರಿಸಿ ಊಟಕ್ಕೆ ಹಿತ್ತಿಲಲ್ಲಿ ಎಲೆ ಹಾಕಿದ ಮನೆಗಳ ಕಥೆಯನ್ನು ಕಲಾವಿದರು ನಗುತ್ತಲೇ ಹೇಳುತ್ತಾರೆ. ಅಂಥ ಮನೆಯಲ್ಲಿ ನಾವು ಬೈಠಕ್ ಮಾಡುವುದಿಲ್ಲ.

ಕಲಾವಿದರ ಜೊತೆ ಮಾತಾಡಬಹುದೇ? ಏನು ಕೇಳಬೇಕು?

ಯಾರಿಂದ ಕಲಿತಿರಿ, ಈ ತಂಬೂರಿ ಯಾರು ಮಾಡಿಕೊಟ್ಟರು, ಊರಲ್ಲಿ ಈಗ ಯಾರು ಹಾಡುತ್ತಾರೆ ಅಂತ ಕೇಳಿ. ಗುರುವಿನ ಮಾತು ಬಂತೆಂದರೆ ಅರ್ಧ ಗಂಟೆ ಗ್ಯಾರಂಟಿ. ಜಾತಿ ಕೇಳಬೇಡಿ. 'ಯಾವ ಪೈಕಿ', 'ಯಾವ ಕಡೆಯವರು' ಅಂತ ಸುತ್ತಿ ಬಳಸಿ ಕೇಳುವುದೂ ಅದೇ. 'ಓದಿದ್ದೀರಾ' ಅನ್ನುವುದೂ ಬೇಡ. ಸಂಡೂರು ತಾಲ್ಲೂಕಿನ ದರೋಜಿ ಈರಮ್ಮ ದೊಡ್ಡ ದೊಡ್ಡ ಕಾವ್ಯಗಳನ್ನು ನೆನಪಿನಿಂದಲೇ ಹಾಡುತ್ತಿದ್ದರು. ಅಂಥವರ ಮುಂದೆ ನಮ್ಮ ಓದು ಎಷ್ಟರದ್ದು?

ದಾವಣಿ, ಪಂಚೆ, ಜೋಳಿಗೆ ಚೆಂದ ಕಾಣುತ್ತದೆ ಅಂತ ಫೋಟೋಕ್ಕೆ ನಿಲ್ಲಿಸಿ ಸುಸ್ತು ಮಾಡುವವರಿದ್ದಾರೆ. ಒಂದು ಫೋಟೋ ಸಾಕು.

ಅಕ್ಕಪಕ್ಕದವರು ದೂರು ಕೊಟ್ಟರೆ?

ಅವರನ್ನೂ ಕರೆಯಿರಿ, ಅರ್ಧ ತೊಂದರೆ ಅಲ್ಲಿಗೇ ಮುಗಿಯಿತು. ಉಳಿದದ್ದು 2000ದ ಶಬ್ದ ಮಾಲಿನ್ಯ ನಿಯಮಗಳ ವಿಚಾರ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ ಅಂದರೆ 10ರಿಂದ ಬೆಳಿಗ್ಗೆ 6. ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ಮೈಕ್ ಇಲ್ಲದಿದ್ದರೆ ಆ ಓಡಾಟ ತಪ್ಪುತ್ತದೆ, ಹತ್ತರೊಳಗೆ ಮುಗಿಸುವ ಎಚ್ಚರ ಮಾತ್ರ ಇರಲಿ. ಸಂಜೆ ಆರೂವರೆಗೆ ಶುರುಮಾಡಿದರೆ ಧಾರಾಳ ಹೊತ್ತು ಸಿಗುತ್ತದೆ. ಅಪಾರ್ಟ್‌ಮೆಂಟ್ ಆದರೆ ಸಂಘಕ್ಕೆ ಮೊದಲೇ ಒಂದು ಮಾತು ಹಾಕಿ.

ಮಳೆಗಾಲದಲ್ಲಿ ಮಾಡಬಹುದೇ?

ಮಾಡಬಹುದು, ಆದರೆ ಚರ್ಮದ ವಾದ್ಯಗಳಿಗೆ ತೇವ ಆಗದು. ದಪ್ಪು, ದಮ್ಮಡಿ ಸಡಿಲಾಗಿ ಸಪ್ಪೆಯಾಗುತ್ತವೆ. ಕಲಾವಿದರು ಬೆಂಕಿಗೆ ಹಿಡಿದು ಕಾಯಿಸಿಕೊಳ್ಳುತ್ತಾರೆ. ಅಂಗಳದಲ್ಲಿ ನಾಲ್ಕು ಸೌದೆ ಹಚ್ಚಲು ಜಾಗ ಮಾಡಿಕೊಡಿ, ಅದೂ ಆಗದ ಫ್ಲಾಟ್‌ನಲ್ಲಿ ಗ್ಯಾಸ್ ಒಲೆ ಬಿಟ್ಟುಕೊಡಿ. ಚರ್ಮ ಕಾಯುವಾಗ ಏಳುವ ವಾಸನೆಗೆ ಅಡುಗೆಮನೆಯವರನ್ನು ಮೊದಲೇ ಒಪ್ಪಿಸಿರುವುದು ಕ್ಷೇಮ.

ನಡುವೆ ಎದ್ದು ಹೋಗಬೇಕಾದರೆ?

ಪದ ಮುಗಿದ ಮೇಲೆ, ಮುಂದಿನದು ಶುರುವಾಗುವ ಮುನ್ನ ಏಳಿ. ಕಲಾವಿದರ ಕಡೆ ನೋಡಿ ಕೈ ಎತ್ತಿದರೆ ಸಾಕು, ಅವರು ತಲೆಯಾಡಿಸುತ್ತಾರೆ. ಸದ್ದಿಲ್ಲದೆ ಜಾರಿಕೊಳ್ಳುವುದೇ ಸಭ್ಯತೆ ಅಂತ ನಾವು ಅಂದುಕೊಂಡಿರುತ್ತೇವೆ. ಮೂವತ್ತು ಜನರಲ್ಲಿ ಒಬ್ಬರು ಕಡಿಮೆಯಾದದ್ದು ಅವರ ಕಣ್ಣಿಗೆ ಬಿದ್ದೇ ಬೀಳುತ್ತದೆ.